ಒಂದು ಮನೆ ಹೆಚ್ಚು

ಮೂರು ಗಂಟೆ ಹೊಡೆದು ಇಪ್ಪತ್ತು ನಿಮಿಷವಾದರೂ ಸಣ್ಣಕ್ಕನ ಹೆಸರಿನ ಪಕ್ಕದ ಚುಕ್ಕೆ ಹಸಿರಾಗಲಿಲ್ಲ. ಸುವರ್ಣಮ್ಮ ಕನ್ನಡಕವನ್ನು ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು. ತಪ್ಪು ಕನ್ನಡಕದ್ದಲ್ಲ. ತೊಡೆಯ ಮೇಲಿದ್ದ ಟ್ಯಾಬಿನಲ್ಲಿ ಚೌಕಾಬಾರದ ಮಣೆ ಇಪ್ಪತ್ತೈದು ಮನೆಗಳನ್ನೂ ಬಿಡಿಸಿಕೊಂಡು ತಯಾರಾಗಿ ಕೂತಿತ್ತು. ಕೆಳಗಡೆ 'ಜೊತೆಯವರು ಇನ್ನೂ ಬಂದಿಲ್ಲ' ಎಂಬ ಸಾಲು ಹತ್ತಿ ಆರಿ ಮಾಡುತ್ತಿತ್ತು. ಹೀಗೆ ಆಗುತ್ತಿರುವುದು ಇವತ್ತಿಗೆ ನಾಲ್ಕನೇ ದಿನ.

"ಮಾನ್ಯಾ, ಇದು ಕೆಟ್ಟೋಗಿದೆ ನೋಡೇ," ಎಂದು ಕೂಗಿದಳು.

ಮೊಮ್ಮಗಳು ಮಾನ್ಯ ಕೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಕೋಣೆಯಿಂದ ಬಂದಳು. ಬಿಸಿಎ ಕೊನೆಯ ವರ್ಷದಲ್ಲಿದ್ದ ಈ ಹುಡುಗಿಯೇ ಆ ಆಟವನ್ನು ಕಟ್ಟಿದವಳು. ಅಜ್ಜಿಯ ಭುಜದ ಮೇಲಿಂದ ಬಗ್ಗಿ ನೋಡಿ, "ಕೆಟ್ಟಿಲ್ಲ ಅಜ್ಜಿ. ಈಗ ಇದರಲ್ಲಿ ನೂರಾ ಹದಿನಾಲ್ಕು ಜನ ಆಡ್ತಿದ್ದಾರೆ. ಸಣ್ಣಕ್ಕಜ್ಜಿ ಬಂದಿಲ್ಲ, ಅಷ್ಟೆ. ಇಲ್ಲಿ ನೋಡು, ಅರಕಲಗೂಡಿನವರೊಬ್ಬರು ಜೊತೆ ಇಲ್ಲದೆ ಕೂತಿದ್ದಾರೆ. ಅವರ ಜೊತೆ ಆಡು," ಎಂದಳು.

"ಮುಖ ಮೂತಿ ಗೊತ್ತಿಲ್ಲದೋರ ಜೊತೆ ಆಡೋಕೆ ನಾನೇನು ಬಸ್‌ಸ್ಟ್ಯಾಂಡಲ್ಲಿ ಕೂತಿದೀನಾ?" ಎಂದು ಸುವರ್ಣಮ್ಮ ಟ್ಯಾಬನ್ನು ಮಗುಚಿ ಇಟ್ಟಳು.

ಸುವರ್ಣಮ್ಮ ಹಾಸನಕ್ಕೆ ಬಂದು ಒಂಬತ್ತು ತಿಂಗಳಾಗಿತ್ತು. ನುಗ್ಗೇಹಳ್ಳಿಯಲ್ಲಿ ಕಿರಿಯ ಮಗ ಬಸವೇಶನ ಮನೆಯಲ್ಲಿ ಸುಖವಾಗಿಯೇ ಇದ್ದವಳು, ಯುಗಾದಿಯ ಹಿಂದಿನ ದಿನ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು. ಮೆಟ್ಟಿಲು ಹತ್ತಬಾರದು, ನೆಲದ ಮೇಲೆ ಕೂರಬಾರದು, ವಾಕರ್ ಹಿಡಿದೇ ಓಡಾಡಬೇಕು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಹಿರಿಯ ಮಗ ಕಾಂತರಾಜುವಿನ ಹಾಸನದ ಮನೆ ಸಮತಟ್ಟಾಗಿತ್ತು, ಕಕ್ಕಸಿನಲ್ಲಿ ಕುರ್ಚಿ ಇತ್ತು. ಹಾಗಾಗಿ ಅವನು ತಾಯಿಯನ್ನು ಆಸ್ಪತ್ರೆಯಿಂದ ನೇರವಾಗಿ ಇಲ್ಲಿಗೇ ಕರೆತಂದಿದ್ದ.

ಮನೆಯವರೆಲ್ಲ ಅವಳನ್ನು ಅಂಗೈಯಲ್ಲಿಟ್ಟು ನೋಡಿಕೊಂಡರು. ಬೇಜಾರು ಕಳೆಯಲಿ ಎಂದು ಒಂದು ಟ್ಯಾಬನ್ನೂ ಕೈಗೆ ಕೊಟ್ಟರು. ಅದರೊಳಗೆ ಇಲ್ಲದ್ದೇ ಇರಲಿಲ್ಲ, ಎಲ್ಲ ಬಿಟ್ಟಿ. ಭಜನೆ, ಪ್ರವಚನ, ಚಟ್ನಿಪುಡಿ ಮಾಡುವುದು ಹೇಗೆ, ಕಾಶಿಗೆ ಹೋಗಿ ಬಂದವರ ವಿಡಿಯೋ. ಸೊಸೆ ರಂಜಿತಾ ತನ್ನ ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿಕೊಂಡು ಧಾರಾವಾಹಿ ನೋಡುತ್ತಾ ಚಪಾತಿ ಲಟ್ಟಿಸುತ್ತಿದ್ದಳು. ಕಾಂತರಾಜು ಊಟ ಮುಗಿಸಿ ಸೋಫಾದ ಮೇಲೆ ಉರುಳಿಕೊಂಡು, ಯಾರೋ ಕುಣಿಯುವುದನ್ನೂ ಯಾರೋ ಬೀಳುವುದನ್ನೂ ನೋಡಿ ಒಬ್ಬನೇ ನಗುತ್ತಿದ್ದ. ಸುವರ್ಣಮ್ಮನೂ ನೋಡಲು ಪ್ರಯತ್ನಪಟ್ಟಳು. ಐದು ನಿಮಿಷಕ್ಕೆ ಅವಳ ಕಣ್ಣು ಬಾಗಿಲ ಕಡೆ ಹೋಗಿಬಿಡುತ್ತಿತ್ತು. ಮಧ್ಯಾಹ್ನ ಮೂರು ಗಂಟೆಯಾದರೆ ಅವಳ ಬೆರಳುಗಳಿಗೆ ಕವಡೆ ಬೇಕು, ಎದುರಿಗೆ ಸಣ್ಣಕ್ಕ ಬೇಕು.

ಸಣ್ಣಕ್ಕನದು ನುಗ್ಗೇಹಳ್ಳಿಯಲ್ಲಿ ಎದುರುಮನೆ. ಅವಳು ಗೌಡರ ಪೈಕಿ, ಸುವರ್ಣಮ್ಮ ಲಿಂಗಾಯಿತರ ಪೈಕಿ. ಒಬ್ಬಳು ಹೊಲದಲ್ಲಿ ದುಡಿದು ಬರುತ್ತಿದ್ದಳು, ಇನ್ನೊಬ್ಬಳು ಗಂಡನ ಅಂಗಡಿಗೆ ಕಾಳುಕಡ್ಡಿ ಕೇರಿ ಮುಗಿಸಿ ಬರುತ್ತಿದ್ದಳು. ಸಣ್ಣಕ್ಕನ ಮನೆಯ ಜಗಲಿ ಚಪ್ಪಡಿಯ ಮೇಲೆ ಯಾರೋ ಯಾವ ಕಾಲದಲ್ಲೋ ಕೆತ್ತಿದ ಚೌಕಾಬಾರದ ಮಣೆ ಇತ್ತು. ನಲವತ್ತು ವರ್ಷ, ಹಬ್ಬ ಹುಣ್ಣಿಮೆ, ಸಾವು ಸೂತಕ ಬಿಟ್ಟರೆ ದಿನಾ ಮಧ್ಯಾಹ್ನ ಮೂರಕ್ಕೆ ಇಬ್ಬರೂ ಅದರ ಮುಂದೆ ಹಾಜರು. ಸಣ್ಣಕ್ಕನ ಕಾಯಿ ಬಳೆಚೂರು, ಸುವರ್ಣಮ್ಮನದು ಹರಳುಬೀಜ. ಜಗಳವೂ ಆಗುತ್ತಿತ್ತು, ಚೆನ್ನಾಗಿಯೇ ಆಗುತ್ತಿತ್ತು.

ಫೋನಿನಲ್ಲಿ ಮಾತಾಡೋಣವೆಂದರೆ ಸಣ್ಣಕ್ಕ ಫೋನಿನ ಹೆಂಗಸಲ್ಲ. ಮೊಮ್ಮಗಳು ನಿಸರ್ಗ ಬಲವಂತವಾಗಿ ಕಿವಿಗಿಟ್ಟರೆ, "ಊಟ ಆಯ್ತಾ? ಸೊಂಟ ಎಂಗದೆ? ಸರಿ, ಮಡಗ್ತೀನಿ," ಎಂದು ಅರ್ಧ ನಿಮಿಷಕ್ಕೇ ಮುಗಿಸಿಬಿಡುತ್ತಿದ್ದಳು.

ಇದನ್ನೆಲ್ಲ ನೋಡಿದ ಮಾನ್ಯ, ಕಾಲೇಜಿಗೆ ಹೇಗೂ ಒಂದು ಪ್ರಾಜೆಕ್ಟ್ ಮಾಡಿಕೊಡಬೇಕಿತ್ತಲ್ಲ, ನೋಟ್‌ಬುಕ್ ಹಿಡಿದು ಅಜ್ಜಿಯ ಪಕ್ಕ ಕೂತಳು. ಮೂರು ಸಂಜೆ ಸುವರ್ಣಮ್ಮ ಆಟದ ಕಾನೂನು ಬರೆಸಿದಳು. ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರಾ, ಅಂದರೆ ಎಂಟು. ಎರಡಕ್ಕೂ ಇನ್ನೊಂದು ಸಲ ಹಾಕಬಹುದು. ಎದುರಿನವರ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಕಾಯಿ ನಡುಮನೆ ಸೇರಿದರೆ ಹಣ್ಣು. ಎಲ್ಲ ಕಾಯಿಯೂ ಮೊದಲು ಯಾರದು ಹಣ್ಣಾಯಿತೋ ಅವರು ಗೆದ್ದ ಹಾಗೆ.

ಒಂದೂವರೆ ತಿಂಗಳಿಗೆ 'ನುಗ್ಗೇಹಳ್ಳಿ ಚೌಕಾಬಾರ' ತಯಾರಾಯಿತು. ಫೋನಿಗೆ ಏನನ್ನೂ ಇಳಿಸಿಕೊಳ್ಳಬೇಕಾಗಿಲ್ಲ, ಯಾರಿಗೂ ಏನೂ ಕೊಡಬೇಕಾಗಿಲ್ಲ, ವಾಟ್ಸಾಪಿನಲ್ಲಿ ಬಂದ ಲಿಂಕನ್ನು ಒತ್ತಿದರೆ ಮಣೆ ಬಿಚ್ಚಿಕೊಳ್ಳುತ್ತಿತ್ತು. ಲಿಂಕು ಮೊದಲು ಹೋದದ್ದು ನಿಸರ್ಗಳ ಫೋನಿಗೆ. ಅವಳು ಅದನ್ನು ತನ್ನ ಕ್ಲಾಸಿನವರಿಗೆಲ್ಲ ಕಳಿಸಿದಳು. ಅಲ್ಲಿಂದ ಅದು ಚನ್ನರಾಯಪಟ್ಟಣ, ಹೊಳೆನರಸೀಪುರ ಎಲ್ಲ ಸುತ್ತಿಕೊಂಡು ಬಂತು. ಜನ ಆಡಿದ್ದಷ್ಟೇ ಅಲ್ಲ, ಕೆಳಗೆ ಬರೆಯತೊಡಗಿದರು. ಹರದನಹಳ್ಳಿಯವರೊಬ್ಬರು, ನಮ್ಮ ಮನೆಯಲ್ಲಿ ಹೊಡೆಯದೆಯೂ ಒಳಗೆ ಬಿಡುತ್ತೇವೆ, ನೀವು ಬಿಡುವುದಿಲ್ಲ ಎಂದರೆ ಏನರ್ಥ ಎಂದು ಜಗಳಕ್ಕೇ ನಿಂತರು. ಸುವರ್ಣಮ್ಮ, "ಅವರ ಮನೆಯಲ್ಲಿ ಬಾಗಿಲು ಹಾಕ್ಕೊಳ್ಳೋ ಅಭ್ಯಾಸ ಇಲ್ವೇನೋ, ನಮ್ಮಲ್ಲಿ ಇದೆ ಅಂತ ಬರಿ," ಎಂದು ಉತ್ತರ ಹೇಳಿಕೊಟ್ಟಳು. ಅದಕ್ಕೆ ಅರವತ್ತು ಜನ ನಗುವ ಮುಖ ಹಾಕಿದರು. ಮಾನ್ಯಳಿಗೆ ಕಾಲೇಜಿನಲ್ಲಿ ಒಳ್ಳೆಯ ಹೆಸರು ಬಂತು.

ಅಷ್ಟೆಲ್ಲ ಆದದ್ದು ಸರಿಯೇ. ಆದರೆ ಹನ್ನೊಂದು ದಿನ ಆಡಿದ ಸಣ್ಣಕ್ಕ ಹನ್ನೆರಡನೇ ದಿನದಿಂದ ನಾಪತ್ತೆ.

ಮೊದಲ ದಿನ ಫೋನ್ ಮಾಡಿದಾಗ ನಿಸರ್ಗ, "ಅಜ್ಜಿ ಅವರೆಕಾಯಿ ಕೀಳಕ್ಕೆ ಹೋಗವ್ರೆ," ಎಂದಳು. ಎರಡನೇ ದಿನ, "ಮಲಗವ್ರೆ." ಸುವರ್ಣಮ್ಮನಿಗೆ ಅಲ್ಲಿಯೇ ಅನುಮಾನ ಬಂತು. ಹಗಲು ಹೊತ್ತು ಮಲಗುವ ಹೆಂಗಸಲ್ಲ ಅವಳು, ಬಾಣಂತಿಯಾಗಿದ್ದಾಗಲೂ ಮಲಗಲಿಲ್ಲ. ಮೂರನೇ ದಿನ ಏನೋ ನೆಪ. ಇವತ್ತು ಟ್ಯಾಬನ್ನು ಮಗುಚಿಟ್ಟ ಮೇಲೆ ಸುವರ್ಣಮ್ಮ ಮತ್ತೆ ಫೋನ್ ಹಚ್ಚಿದಳು. ನಿಸರ್ಗ "ಅಜ್ಜೀ..." ಎಂದು ರಾಗ ಎಳೆಯುತ್ತಿದ್ದಾಗಲೇ ಹಿಂದಿನಿಂದ ಸ್ಪಷ್ಟವಾಗಿ ಕೇಳಿಸಿತು, "ಇಲ್ಲ ಅಂತ ಯೋಳ್ಬುಡು."

ಆ ಧ್ವನಿ ಸುವರ್ಣಮ್ಮನಿಗೆ ತನ್ನ ಧ್ವನಿಯಷ್ಟೇ ಗೊತ್ತು. ಫೋನಿಟ್ಟುಬಿಟ್ಟಳು. ಟ್ಯಾಬನ್ನು ಮತ್ತೆ ತಿರುಗಿಸಿ, ಮಣೆಯ ಮೇಲುಗಡೆ ಪುಟ್ಟದಾಗಿ ಬರೆದಿದ್ದ ಸಾಲನ್ನು ಓದಿದಳು. ಸಣ್ಣಕ್ಕ ಏಳು ಆಟ, ಸುವರ್ಣಮ್ಮ ನಾಲ್ಕು ಆಟ.

ಕಾರಣ ಅಲ್ಲೇ ಇತ್ತು, ಯಾರೂ ಹೇಳಬೇಕಾಗಿರಲಿಲ್ಲ.

ಮೋಸ ಎನ್ನುವುದು ದೊಡ್ಡ ಮಾತು. ಸುವರ್ಣಮ್ಮ ಬೆಳಗ್ಗೆ ಲಿಂಗಪೂಜೆ ಮಾಡದೆ ಬಾಯಿಗೆ ಒಂದು ತೊಟ್ಟು ನೀರು ಹಾಕದ ಹೆಂಗಸು. ಅಂಗಡಿಯಲ್ಲಿ ತಕ್ಕಡಿ ಹಿಡಿದರೆ ಒಂದು ಹಿಡಿ ಮೇಲೆಯೇ ಹಾಕಿ ಕೊಡುತ್ತಿದ್ದವಳು. ಆದರೆ ಚೌಕಾಬಾರದ ಮಣೆಯ ಮುಂದೆ ಕೂತಾಗ ಮಾತ್ರ ಅವಳ ಬೆರಳಿಗೆ ಏನೋ ಆಗುತ್ತಿತ್ತು. ಮೂರು ಬಿದ್ದರೆ ಹರಳುಬೀಜ ನಾಲ್ಕನೇ ಮನೆಗೆ ಹೋಗಿ ನಿಲ್ಲುತ್ತಿತ್ತು. "ಒಂದು, ಎರಡು, ಅಲ್ಲ ಕಣೆ ನಿಮ್ಮ ಎಮ್ಮೆ ಕರು ಹಾಕ್ತಾ, ಮೂರು," ಎಂದು ಎಣಿಕೆಯ ನಡುವೆ ಒಂದು ಎಮ್ಮೆಯನ್ನು ತಂದು ನಿಲ್ಲಿಸಿದರೆ ಒಂದು ಮನೆ ಸಲೀಸಾಗಿ ದಾಟಿಬಿಡುತ್ತಿತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಗಂಡನಿಗೂ. ದೇವರಿಗೂ ಹೇಳಿರಲಿಲ್ಲ, ಅವನು ಕೇಳಿರಲಿಲ್ಲ. ವರ್ಷಕ್ಕೆ ನಾಲ್ಕೋ ಐದೋ ಆಟ ಸಣ್ಣಕ್ಕನಿಗೆ, ಮಿಕ್ಕಿದ್ದೆಲ್ಲ ಸುವರ್ಣಮ್ಮನಿಗೆ. ಕೈ ಒಳ್ಳೆಯದು ನಿಂದು ಎಂದು ಸಣ್ಣಕ್ಕನೇ ಎಷ್ಟೋ ಸಲ ಹೇಳಿದ್ದಳು.

ಈ ಹಾಳು ಆಟದಲ್ಲಿ ಕೈಗೆ ಕೆಲಸವೇ ಇರಲಿಲ್ಲ. ಕವಡೆಯನ್ನು ಅದೇ ಕುಲುಕುತ್ತಿತ್ತು, ಕಾಯನ್ನು ಅದೇ ನಡೆಸುತ್ತಿತ್ತು. ಮೂರು ಎಂದರೆ ಮೂರೇ. ಸತ್ಯವಂತ ಯಂತ್ರ. ಹನ್ನೊಂದು ದಿನದಲ್ಲಿ ಏಳು ಆಟ ಗೆದ್ದ ಸಣ್ಣಕ್ಕ ಪೆದ್ದಿಯಲ್ಲ. ಇಷ್ಟು ವರ್ಷ ನಾನು ಯಾಕೆ ಸೋಲುತ್ತಿದ್ದೆ ಎಂದು ಒಂದು ದಿನ ಯೋಚಿಸಿಯೇ ಇರುತ್ತಾಳೆ. ಯೋಚಿಸಿದರೆ ಉತ್ತರ ಒಂದೇ.

ಅವತ್ತು ಸುವರ್ಣಮ್ಮ ರೊಟ್ಟಿ ಮುರಿಯಲೇ ಇಲ್ಲ. ಸೊಂಟ ಮುರಿದದ್ದಕ್ಕೆ ಅತ್ತಿರದವಳು ತಟ್ಟೆಯ ಮುಂದೆ ಕಣ್ಣೊರೆಸಿಕೊಂಡಳು. ಮಾನ್ಯ ಹತ್ತಿರ ಬಂದು ಕೂತು ಏನೆಂದು ಕೇಳಿದಾಗ, ಮೊದಲು ಏನಿಲ್ಲ ಎಂದಳು, ಆಮೇಲೆ ಎಲ್ಲವನ್ನೂ ಹೇಳಿಬಿಟ್ಟಳು.

ಮಾನ್ಯ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಅಜ್ಜಿ! ನಲವತ್ತು ವರ್ಷ ಚೀಟ್ ಮಾಡಿದೀಯಾ?"

"ನಗಬೇಡ ಮಾರಾಯ್ತಿ. ನಿಂಗೆ ಇದು ಆಟ. ನಂಗೆ ಊರಲ್ಲಿ ಇದ್ದೋಳು ಒಬ್ಬಳೇ ಸಣ್ಣಕ್ಕ. ಅವಳು ನನ್ನ ಕಂಡ್ರೆ ಮುಖ ತಿರುಗಿಸ್ಕೊಂಡ್ರೆ, ನಾನು ವಾಪಸ್ ಊರಿಗೆ ಹೋಗಿ ಏನ್ ಮಾಡ್ಲಿ? ನಿಮ್ಮಪ್ಪನಿಗೆ ಹೇಳು. ಭಾನುವಾರ ನನ್ನ ನುಗ್ಗೇಹಳ್ಳಿಗೆ ಕರ್ಕೊಂಡು ಹೋಗ್ಬೇಕು."

"ಏನಂತ ಹೇಳ್ತೀಯ ಅವರಿಗೆ?"

"ತಪ್ಪಾಯ್ತು ಅಂತೀನಿ. ಇನ್ನೇನು ಅನ್ನಲಿ."

ಭಾನುವಾರ ಕಾಂತರಾಜು ಕಾರು ತೆಗೆದ. ತಾಯಿಗೆ ಇದ್ದಕ್ಕಿದ್ದ ಹಾಗೆ ಊರಿನ ನೆನಪು ಯಾಕಾಯಿತೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಚನ್ನರಾಯಪಟ್ಟಣದಲ್ಲಿ ಕಾಫಿಗೆ ನಿಲ್ಲಿಸಲೇ ಎಂದು ಕೇಳಿದರೆ ಸುವರ್ಣಮ್ಮ, "ಬೇಡ, ಬೇಗ ಹೋಗು," ಎಂದಳು. ಸ್ವಲ್ಪ ಹೊತ್ತಿಗೆ, "ಅಷ್ಟು ಬೇಗ ಬೇಡ," ಎಂದಳು. ದಾರಿಯುದ್ದಕ್ಕೂ ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದಳು. ಪಕ್ಕದಲ್ಲಿದ್ದ ಮಾನ್ಯ ಅದು ಮಂತ್ರವಲ್ಲ, ಸಣ್ಣಕ್ಕನ ಮುಂದೆ ಆಡಬೇಕಾದ ಮಾತಿನ ತಾಲೀಮು ಎಂದು ತಿಳಿದು ಕಿಟಕಿಯ ಆಚೆ ನೋಡುತ್ತಾ ಕೂತಳು.

ಬಸವೇಶನ ಮನೆಯ ಮುಂದೆ ಕಾರು ನಿಂತಾಗ ಎದುರುಮನೆ ಜಗಲಿಯ ಮೇಲೆ ಸಣ್ಣಕ್ಕ ಇದ್ದಳು. ಮುಂದೆ ಅಗಲವಾದ ಬೋಗುಣಿ, ಅದರಲ್ಲಿ ನೆನೆಸಿದ ಅವರೆಕಾಳು. ಒಂದೊಂದೇ ಕಾಳನ್ನು ಎರಡು ಬೆರಳಿನಲ್ಲಿ ಹಿತುಕಿ ಬೇಳೆಯನ್ನು ಮೊರಕ್ಕೆ ಹಾರಿಸುತ್ತಿದ್ದಳು. ಕಾರನ್ನು ನೋಡಿದಳು, ಕಾರಿನಿಂದ ಇಳಿದವಳನ್ನೂ ನೋಡಿದಳು. ಏಳಲಿಲ್ಲ.

ಜಗಲಿಗೆ ಮೂರು ಮೆಟ್ಟಿಲು. ಸುವರ್ಣಮ್ಮ ವಾಕರ್ ಊರಿಕೊಂಡು ಬೀದಿ ದಾಟಿ ಬಂದು ಮೊದಲ ಮೆಟ್ಟಿಲ ಬಳಿ ನಿಂತಳು. ಹತ್ತುವ ಹಾಗಿರಲಿಲ್ಲ. ನಲವತ್ತು ವರ್ಷ ತವರುಮನೆಯ ಹಾಗೆ ಹತ್ತಿ ಇಳಿದ ಜಗಲಿಯನ್ನು ಕೆಳಗಿನಿಂದ ತಲೆಯೆತ್ತಿ ನೋಡಬೇಕಾಗಿ ಬಂದದ್ದಕ್ಕೆ ಅವಳಿಗೆ ಬಹಳ ನೋವಾಯಿತು.

"ಬಂದ್ಯಾ," ಎಂದಳು ಸಣ್ಣಕ್ಕ, ಕಾಳು ಹಿತುಕುತ್ತಲೇ. ಬಾ ಅಕ್ಕ ಎನ್ನಲಿಲ್ಲ.

"ಬಂದೆ ಕಣೆ. ಒಂದು ತಪ್ಪು ಒಪ್ಕಳಕ್ಕೆ ಬಂದೆ."

"ಒಪ್ಕೊ ಮತ್ತೆ. ನಿನ್ನ ಬಾಯಿಂದ್ಲೇ ಬರ್ಲಿ ಅಂತ ಕಾಯ್ತಿದ್ದೆ."

ಕಾರಿನಲ್ಲಿ ಕಲಿತ ಮಾತೆಲ್ಲ ಸುವರ್ಣಮ್ಮನಿಗೆ ಮರೆತೇಹೋಯಿತು. "ನಾನು ನಿನ್ನ ಜೊತೆ ಒಂದು ದಿನಾನೂ ನೆಟ್ಟಗೆ ಆಡಿಲ್ಲ ಸಣ್ಣಕ್ಕ. ಕಾಯಿ ನಡೆಸುವಾಗ ಒಂದು ಮನೆ ಹೆಚ್ಚು ನಡೆಸ್ತಿದ್ದೆ. ದಿನಾ ಅಲ್ಲ." ಅಷ್ಟು ಹೇಳಿ ತಡೆದಳು. "ದಿನಾನೂ," ಎಂದಳು.

ಸಣ್ಣಕ್ಕನ ಬೆರಳಿನಿಂದ ಒಂದು ಬೇಳೆ ಚಿಮ್ಮಿ ಬೀದಿಗೆ ಬಿತ್ತು. ಅವಳು ಈಗ ಮುಖವೆತ್ತಿ ನೋಡಿದಳು. "ಇದಾ? ಇದ ಯೋಳಕ್ಕೆ ಆಸನದಿಂದ ಕಾರ್ ಮಾಡ್ಕಂಡು ಬಂದ್ಯಾ?"

"ಇದಲ್ದೆ ಇನ್ನೇನು?"

"ನಾನು ಕೇಳ್ತಿರದು ಅದಲ್ಲ. ಆ ಫೋನಲ್ಲಿ ದಿನಾ ಮೂರು ಗಂಟೆಗೆ ನನ್ನ ಜೊತೇಲಿ ಆಡ್ತಿದ್ದೋಳು ಯಾರು? ಮೊದ್ಲು ಅದ ಯೋಳು."

"ಯಾರು ಅಂದ್ರೆ? ನಾನೇ ಕಣೆ!"

"ಸುಳ್ಳಾಡ್ಬ್ಯಾಡ ಕಣಕ್ಕ," ಎಂದು ಸಣ್ಣಕ್ಕ ಬೋಗುಣಿಯನ್ನು ಪಕ್ಕಕ್ಕೆ ಸರಿಸಿದಳು. "ಅನ್ನೊಂದು ದಿವ್ಸ ನೋಡಿವ್ನಿ. ಅತ್ಲಾಗೆ ಕುಂತೋಳು ಮೂರು ಬಿದ್ರೆ ಮೂರೇ ಮನೆ ನಡುಸ್ತಾಳೆ, ಎಲ್ಡು ಬಿದ್ರೆ ಎಲ್ಡೇ. ನೀನು ಅಂಗಾ ಆಡದು? ನಿನ್ನ ಆಟ ನಂಗೊತ್ತಿಲ್ವಾ? ನೀನು ಪ್ಯಾಟೆ ಸೇರ್ಕಂಡೆ, ನನ್ನ ಜೊತೆ ಆಡಕ್ಕೆ ಬ್ಯಾಸ್ರ ಆಗದೆ, ಮೊಮ್ಮಗಳ ಕುಂಡ್ರಿಸ್ಬುಟ್ಟು ಟೀವಿ ನೋಡ್ತವ್ಳೆ ಅಂತ ಗೊತ್ತಾಗೋಯ್ತು. ಬ್ಯಾಡ್ದಿದ್ರೆ ಬ್ಯಾಡ ಅನ್ಬೇಕಿತ್ತು. ಯಾರೋ ಪರದೇಸಿ ಜೊತೆ ನಾನ್ಯಾಕೆ ಆಡ್ಲಿ?"

ಸುವರ್ಣಮ್ಮನ ಹಿಂದಿನಿಂದ ಮಾನ್ಯ ಮುಂದೆ ಬಂದಳು. "ಅಯ್ಯೋ ಸಣ್ಣಕ್ಕಜ್ಜಿ, ನಾನು ಒಂದು ಸಲಾನೂ ಆಡಿಲ್ಲ, ನಿಮ್ಮಾಣೆ. ಅಜ್ಜಿನೇ ಆಡಿದ್ದು. ಅದರಲ್ಲಿ ಒಂದು ಮನೆ ಹೆಚ್ಚು ನಡೆಸೋಕೆ ಆಗೋದೇ ಇಲ್ಲ. ಕವಡೇಲಿ ಎಷ್ಟು ಬಿತ್ತೋ ಅಷ್ಟೇ, ಕಾಯನ್ನ ಫೋನೇ ನಡೆಸುತ್ತೆ."

ಸಣ್ಣಕ್ಕನಿಗೆ ಇದು ಹೊಸ ವಿಷಯ. ಹೆಚ್ಚು ನಡೆಸಬೇಕೆಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ, ಹಾಗಾಗಿ ಫೋನು ಬಿಡುವುದಿಲ್ಲ ಎಂಬುದೂ ಅವಳಿಗೆ ಗೊತ್ತಾಗಿರಲಿಲ್ಲ. ಮಾನ್ಯಳ ಮುಖವನ್ನೂ ಸುವರ್ಣಮ್ಮನ ಮುಖವನ್ನೂ ಎರಡೆರಡು ಸಲ ನೋಡಿದಳು.

"ಅಂಗಾರೆ ಅದು ನೀನೇಯಾ?"

"ನಾನೇ ಕಣೆ ಮೂದೇವಿ."

ಆ ಬೈಗುಳ ಕೇಳಿದ ಮೇಲೆ ಸಣ್ಣಕ್ಕನಿಗೆ ಪೂರ್ತಿ ನಂಬಿಕೆ ಬಂದ ಹಾಗೆ ಕಾಣಿಸಿತು. ಕೈಯನ್ನು ಸೀರೆಗೆ ಒರೆಸಿಕೊಂಡು, ಕಂಬ ಹಿಡಿದು ಎದ್ದು, ಮೂರು ಮೆಟ್ಟಿಲನ್ನೂ ಇಳಿದು ಬಂದಳು. ವಾಕರಿನ ಕಂಬಿಯ ಮೇಲಿದ್ದ ಸುವರ್ಣಮ್ಮನ ಕೈಯ ಮೇಲೆ ತನ್ನ ಕೈಯಿಟ್ಟಳು. ಅವರೆಯ ಸೊಗಡು ಘಮ್ಮೆಂದಿತು.

"ಎಷ್ಟು ಸೊರಗೋಗಿದ್ದೀಯ," ಎಂದಳು.

ನಿಸರ್ಗ ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದು ಜಗಲಿಯ ಕೆಳಗೆ ನೆರಳಿಗೆ ಹಾಕಿದಳು. ಸುವರ್ಣಮ್ಮ ಕೂತಳು. ಸಣ್ಣಕ್ಕ ಬೋಗುಣಿಯನ್ನು ಕೆಳಗೆ ತರಿಸಿಕೊಂಡು ಕೊನೆಯ ಮೆಟ್ಟಿಲ ಮೇಲೆ ಕೂತಳು. ಇಬ್ಬರೂ ಕಾಳು ಹಿತುಕತೊಡಗಿದರು.

"ನಿಂಗೆ ಯಾವಾಗಿಂದ ಗೊತ್ತು?" ಎಂದು ಕೊನೆಗೆ ಸುವರ್ಣಮ್ಮ ಕೇಳಿದಳು.

"ನಿಮ್ಮ ಬಸವೇಶ ಅಂಬೆಗಾಲು ಇಕ್ತಿದ್ನಲ್ಲ, ಆವಾಗ್ಲಿಂದ."

"ಎಮ್ಮೆ ವಿಷ್ಯ ತೆಗೀತಿದ್ದೆನಲ್ಲ, ಅದೂ?"

"ನಮ್ಮನೇಲಿ ಎಮ್ಮೆ ಮಾರಿದ್ಮೇಲೂ ಆರು ತಿಂಗ್ಳು ನೀನು ಅದ್ರ ಕರ ಕೇಳ್ತಿದ್ದೆ ಕಣಕ್ಕ."

ನಿಸರ್ಗ ಮತ್ತು ಮಾನ್ಯ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಸುವರ್ಣಮ್ಮನಿಗೆ ನಗು ಬರಲಿಲ್ಲ. ಗೆಳತಿ ಸಿಕ್ಕಳೆಂಬ ಸಮಾಧಾನ ಒಂದು ಕಡೆ. ಇಷ್ಟು ವರ್ಷ ತನ್ನ ಕೈಚಳಕದ ಬಗ್ಗೆ ಒಳಗೊಳಗೇ ಸಾಕಿಕೊಂಡಿದ್ದ ಹೆಮ್ಮೆ ಠುಸ್ಸೆಂದ ಬೇಜಾರು ಇನ್ನೊಂದು ಕಡೆ. "ಗೊತ್ತಿದ್ದು ಯಾಕೆ ಸುಮ್ನಿದ್ದೆ? ಕೈ ಹಿಡ್ಕೊಂಡು ಕೇಳಬಾರದಿತ್ತಾ?"

ಸಣ್ಣಕ್ಕ ಮೊರದಲ್ಲಿದ್ದ ಬೇಳೆಯನ್ನು ಅಂಗೈಯಿಂದ ಹರವಿದಳು. "ಗೆದ್ರೆ ನೀನು ನಾಳಿಕ್ಕೂ ಬತ್ತಿದ್ದೆ. ಸೋತ್ರೆ ಮೂರು ದಿವ್ಸ ಈ ಕಡೀಕೆ ತಲೆ ಆಕ್ತಿರ್ನಿಲ್ಲ. ನಮ್ಮನೇಲಿ ಆ ಗಂಡಸ್ರ ಮಧ್ಯೆ ದಿನೆಲ್ಲ ಯಾರ ಜೊತೆ ನಾನು ಮಾತಾಡ್ಬೇಕಿತ್ತು? ಗೆಲ್ಲದು ತಗಂಡು ನಂಗೇನಾಗ್ಬೇಕು? ನೀನು ಬರದು ಬೇಕಿತ್ತು."

ಸುವರ್ಣಮ್ಮನ ಬೆರಳುಗಳಲ್ಲಿದ್ದ ಕಾಳು ಹಿತುಕದೆ ಹಾಗೇ ಉಳಿಯಿತು. ಸೆರಗಿನಿಂದ ಮೂಗು ಒರೆಸಿಕೊಂಡು, ಅವರೆಯ ಸೊಗಡು ಕಣ್ಣಿಗೆ ಹತ್ತಿತು ಎಂದಳು. ಅವರೆಯ ಸೊಗಡು ಯಾರ ಕಣ್ಣಿಗೂ ಹತ್ತುವುದಿಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಆಮೇಲೆ ಸಣ್ಣಕ್ಕ ಮಾನ್ಯಳನ್ನು ಕರೆದು ಎದುರಿಗೆ ಕೂರಿಸಿಕೊಂಡಳು. "ಮಗಾ, ಅದ ಸರಿ ಮಾಡು. ಇವ್ಳಿಗೆ ಎಚ್ಚು ನಡುಸಕ್ಕೆ ಬರ್ಬೇಕು."

"ಅಜ್ಜಿ, 'ಸರಿ ಮಾಡು' ಅಂತೀರಲ್ಲ, ಈಗ ಅದು ಸರಿಯಾಗೇ ಇದೆ. ಮೋಸಕ್ಕೆ ಬಿಟ್ರೆ ನೂರಾರು ಜನ ಆಡ್ತಿದ್ದಾರಲ್ಲ, ಹೊಡೆದಾಡಿಬಿಡ್ತಾರೆ. ಹರದನಹಳ್ಳಿಯವರು ಈಗ್ಲೇ ಸಿಟ್ಟಾಗಿದ್ದಾರೆ."

"ಅವ್ರಿಗೆ ಬ್ಯಾಡ. ನಮ್ಮಿಬ್ರಿಗೆ ಬ್ಯಾರೆ ಮಾಡ್ಕೊಡು."

ಮಾನ್ಯ ಯೋಚಿಸಿದಳು. ಬೇರೆ ಲಿಂಕು ಮಾಡಬಹುದು, ಇವರಿಬ್ಬರಿಗೇ ಎಂದು. ಮುಖವೂ ಕಾಣುವ ಹಾಗೆ ಮಾಡಬಹುದು, ಆಗ ಪರದೇಸಿಯ ಅನುಮಾನ ಬರುವುದಿಲ್ಲ. ಚೀಲದಿಂದ ನೋಟ್‌ಬುಕ್ ತೆಗೆದಳು. "ಸರಿ, ಹೇಳಿ. ಎಷ್ಟು ಮನೆವರೆಗೂ ಬಿಡಬೇಕು?"

"ಒಂದೇ," ಎಂದಳು ಸಣ್ಣಕ್ಕ ಖಡಾಖಂಡಿತವಾಗಿ. "ಒಂದಕ್ಕಿಂತ ಎಚ್ಚು ಇವ್ಳು ಯಾವತ್ತೂ ತಿಂದಿಲ್ಲ. ಅನ್ಯಾಯ ಆಡ್ಬಾರ್ದು ನಾವು."

"ಒಂದು ಸಲ ಎರಡು ತಿಂದಿದೀನಿ," ಎಂದಳು ಸುವರ್ಣಮ್ಮ, ಮರ್ಯಾದೆಗೆ ಕುಂದು ಬಂದವಳ ಹಾಗೆ.

"ಅವತ್ತು ನಿಂಗೆ ಜ್ವರ ಇತ್ತು. ಅದ ಲೆಕ್ಕಕ್ಕೆ ಇಡ್ಕಬ್ಯಾಡ ಮಗಾ. ಆಮೇಲೆ, ಒಳಸುತ್ತಿಗೆ ಬಂದ್ಮೇಲೆ ಇವ್ಳು ಎಚ್ಚು ನಡುಸ್ತಿರ್ನಿಲ್ಲ. ಅಲ್ಲಿ ಬುಡ್ಬ್ಯಾಡ."

ಮಾನ್ಯ ಎಲ್ಲವನ್ನೂ ಬರೆದುಕೊಂಡಳು. ಒಂದು ಮನೆ ಮಾತ್ರ. ಹೊರಸುತ್ತಿನಲ್ಲಿ ಮಾತ್ರ. ಸುವರ್ಣಮ್ಮನಿಗೆ ಮಾತ್ರ. "ಮತ್ತೆ ನಿಮಗೆ, ಸಣ್ಣಕ್ಕಜ್ಜಿ?"

"ನಂಗ್ಯಾಕೆ?" ಎಂದು ಸಣ್ಣಕ್ಕ ನಕ್ಕಳು. ಮುಂದಿನ ಹಲ್ಲು ಎರಡು ಇರಲಿಲ್ಲ.

ಸಂಜೆಗೆ ಹಿತುಕಿದ ಬೇಳೆಯ ಸಾರು, ಮುದ್ದೆ ಉಂಡು ಹಾಸನಕ್ಕೆ ಹೊರಟರು. ಕಾಂತರಾಜುವಿಗೆ ಕೊನೆಯವರೆಗೂ ವಿಷಯ ಏನೆಂದು ಗೊತ್ತಾಗಲಿಲ್ಲ. ಊಟ ಮಾತ್ರ ಬಹಳ ಚೆನ್ನಾಗಿತ್ತು ಎಂದ.

ಹೊಸ ಲಿಂಕು ತಯಾರಾಗಲು ಮಾನ್ಯಳಿಗೆ ಹತ್ತು ದಿನ ಹಿಡಿಯಿತು. ಬುಧವಾರ ಮೂರು ಗಂಟೆಗೆ ಸುವರ್ಣಮ್ಮ ಅದನ್ನು ಒತ್ತಿದಾಗ ಕೆಳಗೆ ಮಣೆ ಬಂತು, ಮೇಲೆ ಒಂದು ಪುಟ್ಟ ಚೌಕದಲ್ಲಿ ಸಣ್ಣಕ್ಕನ ಮುಖ ಬಂತು. ನಿಸರ್ಗ ಫೋನನ್ನು ಏನಕ್ಕೋ ಒರಗಿಸಿ ಒಳಗೆ ಹೋದದ್ದು ಕಾಣಿಸಿತು. ಸಣ್ಣಕ್ಕ ಮೊದಮೊದಲು ಫೋನಿಗೆ ಮೂಗು ತಾಗುವಷ್ಟು ಹತ್ತಿರ ಬಂದು, "ನೀನೇಯಾ?" ಎಂದು ಮತ್ತೊಮ್ಮೆ ಖಾತ್ರಿ ಮಾಡಿಕೊಂಡಳು. ಆಮೇಲೆ ಹಿಂದೆ ಸರಿದು ಜಗಲಿಯ ಕಂಬಕ್ಕೆ ಒರಗಿ ಕೂತಳು.

ಅರ್ಧ ಗಂಟೆ ಆಡಿದರು. ಸಣ್ಣಕ್ಕನಿಗೆ ಎರಡು ಸಲ ಬಾರಾ ಬಿತ್ತು. ಸುವರ್ಣಮ್ಮನ ಕಾಯಿ ಒಂದೂ ಒಳಗೆ ಹೋಗಿರಲಿಲ್ಲ, ಹೋಗಬೇಕಾದರೆ ಒಂದನ್ನಾದರೂ ಹೊಡೆಯಬೇಕಿತ್ತು. ಅವಳ ಹರಳುಬೀಜಕ್ಕೆ ಸರಿಯಾಗಿ ನಾಲ್ಕು ಮನೆ ಮುಂದೆ ಸಣ್ಣಕ್ಕನ ಬಳೆಚೂರು ಒಂಟಿಯಾಗಿ ನಿಂತಿತ್ತು. ಕವಡೆ ಒತ್ತಿದಳು. ಮೂರು ಬಿತ್ತು. ಹರಳುಬೀಜ ಮೂರು ಮನೆ ನಡೆದು ಬಳೆಚೂರಿನ ಹಿಂದೆಯೇ ನಿಂತಿತು. ಬೆರಳಿಟ್ಟು ಮುಂದಕ್ಕೆ ಎಳೆದರೆ ಇನ್ನೊಂದು ಮನೆ ಹೋಗುತ್ತದೆ ಎಂದು ಮಾನ್ಯ ತೋರಿಸಿಕೊಟ್ಟಿದ್ದಳು.

ಸುವರ್ಣಮ್ಮ ಬೆರಳು ಇಟ್ಟಳು. ಇಟ್ಟು, ಸಣ್ಣಕ್ಕ ನೋಡುತ್ತಿದ್ದಾಳೇನೋ ಎಂದು ಮೇಲಿನ ಚೌಕದ ಕಡೆ ಕಣ್ಣೆತ್ತಿದಳು.

ಸಣ್ಣಕ್ಕ ಮೆಲ್ಲಗೆ ಬೀದಿಯ ಕಡೆ ತಿರುಗಿ ಕೂತಿದ್ದಳು. ಯಾರಾದರೂ ಕರೆದರೇನೋ ಎಂದುಕೊಂಡಳು ಸುವರ್ಣಮ್ಮ. ಯಾರೂ ಕರೆದಿರಲಿಲ್ಲ, ಬೀದಿಯಲ್ಲಿ ಯಾರೂ ಬರುತ್ತಿರಲಿಲ್ಲ. ಸಣ್ಣಕ್ಕ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಆ ಕಡೆ ನೋಡುತ್ತಿದ್ದಳು, ಅವಸರವಿಲ್ಲದೆ, ಎಷ್ಟೋ ವರ್ಷದ ಅಭ್ಯಾಸವಿದ್ದವಳ ಹಾಗೆ. ಚೌಕದ ತುಂಬ ಅವಳ ಬೆನ್ನು ಕಾಣಿಸುತ್ತಿತ್ತು. ಅಡಕೆಯಷ್ಟಾಗಿದ್ದ ಬಿಳಿ ತುರುಬು, ಅದರ ಕೆಳಗೆ ಕತ್ತಿನ ಹಿಂದೆ ಒಂದು ಕಪ್ಪು ಮಚ್ಚೆ. ಸಣ್ಣಕ್ಕನಿಗೆ ಅಲ್ಲೊಂದು ಮಚ್ಚೆ ಇದೆಯೆಂದು ಸುವರ್ಣಮ್ಮನಿಗೆ ಗೊತ್ತೇ ಇರಲಿಲ್ಲ. ಕಾಯಿಯನ್ನು ಒಂದು ಮನೆ ಹೆಚ್ಚು ಸರಿಸುವ ಈ ಹೊತ್ತಿನಲ್ಲಿ ತನ್ನ ಕಣ್ಣು ಯಾವಾಗಲೂ ಮಣೆಯ ಮೇಲಿರುತ್ತಿತ್ತು.

"ಆಯ್ತೇನಕ್ಕ?" ಸಣ್ಣಕ್ಕ ತಿರುಗದೆಯೇ ಕೇಳಿದಳು.

ಹರಳುಬೀಜ ಇನ್ನೂ ಮೂರನೇ ಮನೆಯಲ್ಲೇ ಇತ್ತು. ಸುವರ್ಣಮ್ಮ ಅದರ ಮೇಲಿನಿಂದ ಬೆರಳು ತೆಗೆದಳು.

"ಇನ್ನೂ ಇಲ್ಲ ಕಣೆ," ಎಂದಳು. "ಒಸಿ ಹೊತ್ತು ಹಂಗೇ ಇರು."